ಉಂಗುರವಿಲ್ಲದ ಮರ, ಮೂಳೆಯಿಲ್ಲದ ಶಾರ್ಕ್: ಇವುಗಳ ವಯಸ್ಸನ್ನು ಹೋಲಿಸಬಹುದೇ?

ಹಳೆಯ ಓದುಗ:
ಅಮೆಜಾನ್ ಕಾಡಿನ ಕ್ಯಾರಿನಿಯಾನಾ ಮೈಕ್ರಾಂಥಾ ಎಂಬ ಮರವೊಂದಕ್ಕೆ ಸುಮಾರು 1,400 ವರ್ಷವಾಗಿತ್ತೆಂದೂ ಉತ್ತರ ಅಟ್ಲಾಂಟಿಕ್‌ನ ಗ್ರೀನ್‌ಲ್ಯಾಂಡ್ ಶಾರ್ಕ್ ಒಂದಕ್ಕೆ 392 ವರ್ಷವಾಗಿತ್ತೆಂದೂ ಓದಿದೆ. ಎರಡನ್ನೂ ಇಂಗಾಲ-14ರಿಂದ (ಕಾಲ ಕಳೆದಂತೆ ನಿಧಾನವಾಗಿ ಕ್ಷಯಿಸುವ ವಿಕಿರಣಶೀಲ ಇಂಗಾಲ) ಕಂಡುಕೊಂಡರಂತೆ. ಮರ ಕೊಯ್ದ ಮೇಲೆ ಉಂಗುರ ಎಣಿಸಿದರೆ ಸಾಲದೇ? ಈ ಎರಡು ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಚೇಗು:
ಉಂಗುರ ಮೂಡಬೇಕಾದರೆ ಮರದ ಬೆಳವಣಿಗೆ ವರ್ಷಕ್ಕೊಮ್ಮೆ ನಿಲ್ಲಬೇಕು. ಬೇಸಿಗೆಯಲ್ಲಿ ಎಲೆ ಉದುರಿಸುವ ನಮ್ಮ ತೇಗದಲ್ಲಿ ಉಂಗುರಗಳು ಸ್ಪಷ್ಟವಾಗಿ ಕಾಣುತ್ತವೆ. ವರ್ಷದ ಬಹುಪಾಲು ತೇವವಿರುವ, ಬ್ರೆಜಿಲ್‌ನ ಮನಾಸ್ ನಗರದ ಸುತ್ತಲಿನ ಅಮೆಜಾನ್ ಕಾಡಿನ ಅನೇಕ ಮರಗಳಲ್ಲಿ ಅವನ್ನು ನಂಬುವಂತಿಲ್ಲ. ಆದ್ದರಿಂದ ಅಲ್ಲಿ ಕಡಿದಿದ್ದ 20 ದೊಡ್ಡ ಮರಗಳ ನಟ್ಟನಡುವಿನ ಚೇಗನ್ನು (ಕಾಂಡದ ಒಳಗಿನ ಗಟ್ಟಿ ಕಟ್ಟಿಗೆಯನ್ನು) ಪರೀಕ್ಷಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಮ್ಮೆ ಕಟ್ಟಿಗೆಯಾದ ಭಾಗಕ್ಕೆ ಹೊಸ ಇಂಗಾಲ ಸೇರುವುದಿಲ್ಲವಾದ್ದರಿಂದ ಸಸಿಯಾಗಿದ್ದ ಕಾಲದ ಗಾಳಿಯ ಗುರುತು ಅಲ್ಲೇ ಉಳಿದಿರುತ್ತದೆ. ಅಂದಹಾಗೆ, ಅವುಗಳಲ್ಲೊಂದಾದ ಕ್ಯಾರಿನಿಯಾನಾ ಮರವು ನಮ್ಮ ಕೌಲು ಮರದ ಕುಟುಂಬಕ್ಕೇ ಸೇರಿದ್ದು.

ಕಡಲಂಚು:
ಶಾರ್ಕ್‌ನದೂ ಇದೇ ಕಥೆ. ಹಲವು ಶಾರ್ಕ್‌ಗಳ ಬೆನ್ನುಮಣಿಯಲ್ಲಿ ಪಟ್ಟೆಗಳಿರುತ್ತವೆ, ಆದರೆ ಗ್ರೀನ್‌ಲ್ಯಾಂಡ್ ಶಾರ್ಕ್‌ನ ಬೆನ್ನುಮಣಿ ತೀರಾ ಮೆತ್ತಗಿರುವುದರಿಂದ ಎಣಿಸಲು ಏನೂ ಸಿಗುವುದಿಲ್ಲ. ಅದರ ಕಣ್ಣಿನ ಮಸೂರವಾದರೋ ಈರುಳ್ಳಿಯಂತೆ ಪದರಪದರವಾಗಿ ಬೆಳೆಯುತ್ತದೆ. ಒಳಗಿನ ತಿರುಳು ಹುಟ್ಟುವ ಮೊದಲೇ ರೂಪುಗೊಂಡು ಮತ್ತೆ ಬದಲಾಗುವುದಿಲ್ಲ. ಮರಕ್ಕೆ ಚೇಗು ಹೇಗೋ ಇದಕ್ಕೆ ಆ ತಿರುಳು ಹಾಗೆ. 28 ಹೆಣ್ಣು ಶಾರ್ಕ್‌ಗಳ ಮಸೂರಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಆದರೆ ತಕ್ಕಡಿ ಒಂದೇ ಅಲ್ಲ. ಮರ ತನ್ನ ಇಂಗಾಲವನ್ನು ನೇರವಾಗಿ ಗಾಳಿಯಿಂದ ಪಡೆಯುತ್ತದೆ. ಗಾಳಿಯ ಇಂಗಾಲ-14ರ ಹಳೆಯ ಏರಿಳಿತಗಳನ್ನು ಸಮಶೀತೋಷ್ಣ ವಲಯದ ಓಕ್, ಪೈನ್ ಮರಗಳ ಉಂಗುರಗಳಿಂದ ವರ್ಷವರ್ಷಕ್ಕೂ ಗುರುತಿಸಿದ್ದಾರೆ. ಉಂಗುರವಿಲ್ಲದ ಮರದ ವಯಸ್ಸಿಗೆ ಉಂಗುರವಿರುವ ಮರವೇ ಸಾಕ್ಷಿ! ಶಾರ್ಕ್‌ಗೆ ಇಂಗಾಲ ಬರುವುದು ಸಮುದ್ರದ ಆಹಾರದಿಂದ, ಮತ್ತು ಆ ನೀರಿನ ಇಂಗಾಲ ಗಾಳಿಯದಕ್ಕಿಂತ ನೂರಾರು ವರ್ಷ ಹಳೆಯದೆಂಬಂತೆ ತೋರುತ್ತದೆ. ಹೀಗಾಗಿಯೇ 392ರ ಪಕ್ಕದಲ್ಲಿ 120 ವರ್ಷ ಹೆಚ್ಚು ಅಥವಾ ಕಡಿಮೆ ಎಂದು ಬರೆದಿರುವುದು. ಪತ್ರಿಕೆಗಳು ಬರೆಯುವ ‘500 ವರ್ಷದ ಶಾರ್ಕ್’ ಆ ಅಂದಾಜಿನ ಮೇಲಿನ ಅಂಚು ಮಾತ್ರ. ಕೆಳಗಿನ ಅಂಚು 272 ಎಂಬುದನ್ನು ಯಾರೂ ಶೀರ್ಷಿಕೆ ಮಾಡುವುದಿಲ್ಲ.

ಹಳೆಯ ಓದುಗ:
ಧನ್ಯವಾದಗಳು. ಹಾಗಾದರೆ ದೊಡ್ಡದಾಗಿದ್ದಷ್ಟೂ ಹಳೆಯದು ಎನ್ನಬಹುದೇ?

ಚೇಗು:
ಶಾರ್ಕ್‌ನಲ್ಲಿ ಉದ್ದವೂ ಲೆಕ್ಕಕ್ಕೆ ಆಧಾರ. 392 ವರ್ಷದ್ದು ಸುಮಾರು 5 ಮೀಟರ್ ಉದ್ದವಿತ್ತು. ಮನಾಸ್‌ನ ಮರಗಳಲ್ಲಿ ಮಾತ್ರ ಬುಡದ ಸುತ್ತಳತೆಯನ್ನು ನೋಡಿ ವಯಸ್ಸು ಹೇಳುವಂತಿರಲಿಲ್ಲ.