ಕ್ರೀಪಿಂಗ್ ಥೈಮ್ ಮಧ್ಯದಿಂದ ಕೊಳೀತಿದೆ, ದಯವಿಟ್ಟು ಸಹಾಯ ಮಾಡಿ

ಮನೆಮುಂದಿನ_ಹಸಿರು (ಮಲ್ಲೇಶ್ವರಂ): ಲಾನ್ ಬೇಡ ಅಂತ ಮನೆ ಮುಂದೆ ಕ್ರೀಪಿಂಗ್ ಥೈಮ್ (ನೆಲಕ್ಕೆ ಹಬ್ಬುವ ಪರಿಮಳದ ಗಿಡ) ಹಾಕಿದೆ. ಬೇರು ಹಿಡಿದರೆ ಸಾಕು, ತುಳಿದರೂ ಬದುಕುತ್ತದೆ ಅಂದಿದ್ದರು. ಬೇಸಿಗೆಯಲ್ಲಿ ಚೆನ್ನಾಗಿ ಹಬ್ಬಿತು. ಈಗ ನಡುವೆ ಕಪ್ಪಾಗಿ, ಎಳೆದರೆ ಬುಡವೇ ಕೈಗೆ ಬರುತ್ತಿದೆ. ನೀರು, ಗೊಬ್ಬರ ಎಲ್ಲಾ ಸರಿಯಾಗಿಯೇ ಹಾಕ್ತಿದ್ದೇನೆ. ತುಂಬಾ ಬೇಜಾರಾಗಿದೆ.

ತೋಟದಮನೆ_ಕೆಂಗೇರಿ: ಬೋರ್ ನೀರಾ, ಕಾವೇರಿ ನೀರಾ?

ಮನೆಮುಂದಿನ_ಹಸಿರು: ಬೋರ್.

ತೋಟದಮನೆ_ಕೆಂಗೇರಿ: ಅದೇ ಕಾರಣ. ಕುಂಡದ ಅಂಚಲ್ಲಿ ಬಿಳಿ ಕಟ್ಟುತ್ತಲ್ವಾ, ಅದೇ ಬೇರನ್ನೂ ಹಿಡಿಯುತ್ತದೆ. ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) ಅಳೆದು ಹೇಳಿ.

ಕಲ್ಲುಮಣ್ಣು: ಸರ್, ಯುರೋಪಿನಲ್ಲಿ ಇದು ಸುಣ್ಣಕಲ್ಲಿನ ನೆಲದಲ್ಲೂ ಬೆಳೆಯುತ್ತದೆ. ಗಡಸು ನೀರಿಗೆ ಹೆದರಲ್ಲ. ಮೇಡಂ, ಬಿಸಿಲೆಷ್ಟು? ಮಣ್ಣು ಯಾವುದು?

ತೋಟದಮನೆ_ಕೆಂಗೇರಿ: ಸುಣ್ಣ ಬೇರೆ, ಉಪ್ಪು ಬೇರೆ. ಮೊದಲು ಟಿಡಿಎಸ್ ನೋಡಲಿ.

ಪತ್ರೆಪ್ರಿಯ: ಈ ಥೈಮ್ ಯಾಕೆ ಬೇಕು? ದೊಡ್ಡಪತ್ರೆ ಹಾಕಿ. ವಾಸನೆಯೂ ಹತ್ತಿರ, ತಂಬುಳಿಗೂ ಆಗುತ್ತದೆ.

ಕಲ್ಲುಮಣ್ಣು: ದೊಡ್ಡಪತ್ರೆ ಮೇಲೆ ಕಾಲಿಟ್ಟರೆ ಕಾಂಡ ಪಟ್ ಅಂತ ಮುರಿಯುತ್ತದೆ. ನೆಲಕ್ಕೆ ಹಾಸುವ ಗಿಡ ಅಲ್ಲ ಅದು.

ಪತ್ರೆಪ್ರಿಯ: ನಮ್ಮಲ್ಲಿ ಕಟ್ಟೆ ತುಂಬಾ ಹಬ್ಬಿದೆ. ಒಂದು ಮಳೆಗಾಲಕ್ಕೂ ಜಗ್ಗಿಲ್ಲ.

ಮನೆಮುಂದಿನ_ಹಸಿರು: ಕೆಮ್ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಸಮ. ಬಿಸಿಲು ಬೆಳಿಗ್ಗೆ ಹತ್ತು ಗಂಟೆವರೆಗೆ ಮಾತ್ರ. ಮಳೆ ಬಂದಾಗ ಮೇಲಿನ ಸಜ್ಜೆಯಿಂದ ನೀರು ಅಲ್ಲೇ ಬೀಳುತ್ತದೆ.

ಕಲ್ಲುಮಣ್ಣು: ಸಿಕ್ತು ನೋಡಿ. ಈ ಗಿಡ ಹಿಮ ತಡೆಯುತ್ತದೆ, ಬರ ತಡೆಯುತ್ತದೆ, ನಿಂತ ನೀರು ಮಾತ್ರ ತಡೆಯಲ್ಲ. ಕೋಕೋಪೀಟ್ ನೀರು ಹಿಡಿದಿಡುತ್ತದೆ, ಮೇಲಿಂದ ಸಜ್ಜೆ ನೀರು ಬೇರೆ. ನಮ್ಮ ಊರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು, ಅದಕ್ಕೇ ತಡ ಮಾಡದೆ ಹೀಗೆ ಮಾಡಿ.

ಅಂಚಿನಲ್ಲಿ ಇನ್ನೂ ಹಸಿರಿರುವ ತುದಿಗಳನ್ನು ಬೆರಳುದ್ದ ಕತ್ತರಿಸಿ. ಕೆಳಗಿನ ಎಲೆ ಸವರಿ ತೆಗೆದು ಒದ್ದೆ ಮರಳಲ್ಲಿ ಚುಚ್ಚಿ, ಮಳೆ ತಾಗದ ಕಡೆ ಇಡಿ. 3-4 ವಾರದಲ್ಲಿ ಬೇರು ಬರುತ್ತದೆ. ಕಪ್ಪಾಗಿರುವುದನ್ನು ಕಿತ್ತು ಎಸೆಯಿರಿ. ಮಳೆ ಮುಗಿದ ಮೇಲೆ ದಿನಕ್ಕೆ 6 ಗಂಟೆ ಬಿಸಿಲು ಬೀಳುವ ಕಡೆ ದಿಬ್ಬ ಮಾಡಿ. ಅರ್ಧ ಮಣ್ಣು, ಅರ್ಧ ಮರಳು, ಸ್ವಲ್ಪ ಸಣ್ಣ ಜಲ್ಲಿ. ಒಂದೊಂದು ಗಿಡಕ್ಕೂ 20-30 ಸೆಂ.ಮೀ. ಅಂತರ ಬಿಡಿ. ಗೊಬ್ಬರ ಜಾಸ್ತಿ ಬೇಡವೇ ಬೇಡ.

ಟೆರೇಸ್_ಗುರು: ನಮ್ಮ ಟೆರೇಸ್‌ನಲ್ಲಿ ಎಲ್ಲಕ್ಕೂ ಡ್ರಿಪ್, ಟೈಮರ್, ಮಳೆ ಸೆನ್ಸರ್. ನಾಲ್ಕು ಹನಿ ಬಿದ್ದರೆ ತಾನೇ ನಿಲ್ಲುತ್ತದೆ. ಫೋಟೋ ಹಾಕಲಾ?

ಪತ್ರೆಪ್ರಿಯ: ಸೆನ್ಸರ್ ಎಲ್ಲಿ ತಗೊಂಡ್ರಿ? ಫೋಟೋ ಹಾಕಿ.

ತೋಟದಮನೆ_ಕೆಂಗೇರಿ: ಟಿಡಿಎಸ್ ಇನ್ನೂ ಯಾರೂ ಹೇಳಿಲ್ಲ.

ಮನೆಮುಂದಿನ_ಹಸಿರು: ತುದಿ ಕತ್ತರಿಸಿದೆ. ಪಕ್ಕದ ಕಟ್ಟಡದಲ್ಲಿ ಪಿ-ಸ್ಯಾಂಡ್ ಇದೆ, ಕೇಳಿದರೆ ಕೊಡ್ತಾರೆ. ದಿಬ್ಬಕ್ಕೆ ಆಗುತ್ತಾ?

ಕಲ್ಲುಮಣ್ಣು: ಬೇಡ ಮೇಡಂ, ಅದು ಪ್ಲಾಸ್ಟರಿಂಗ್‌ಗೆ, ತುಂಬಾ ನುಣ್ಣಗೆ. ದಪ್ಪ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ತಗೊಳ್ಳಿ, ಜರಡಿ ಹಿಡಿದು ಪುಡಿ ತೆಗೆದು ಹಾಕಿ.