ಮರು: ಮೊಣಕಾಲಿನ ಬೋರ್ಡಿಗೆ ಪದ ಬೇಕು – ಕೀಲೆಣ್ಣೆ ಬೇಡ, ಕೀಲುಲೋಳೆ ನಡೆಯುತ್ತಾ?

ಉತ್ತರ ಬರೆದವರಿಗೆಲ್ಲ ನಮಸ್ಕಾರ. ಬೋರ್ಡು ಧಾರವಾಡದ ಒಂದು ಫಿಸಿಯೋಥೆರಪಿ ಕೋಣೆಗೆ. ನಾಳೆ ಹನ್ನೊಂದಕ್ಕೆ ಹುಬ್ಬಳ್ಳಿಯಲ್ಲಿ ಪ್ರಿಂಟಿಗೆ ಕೊಡಬೇಕು. ಸೈನೋವಿಯಲ್ ಫ್ಲೂಯಿಡ್‌ಗೆ (ಕೀಲಿನೊಳಗೆ ಮೂಳೆಗಳು ಸಲೀಸಾಗಿ ಜಾರೋ ಹಾಗೆ ಮಾಡೋ ದ್ರವಕ್ಕೆ) ಒಂದು ಕನ್ನಡ ಪದ ಬೇಕಿದೆ, ಅಷ್ಟೇ. ಸಂಸ್ಕೃತ ಬೇಕೋ ಬೇಡವೋ ಅನ್ನೋ ಜಗಳ ಆಮೇಲೆ ಮಾಡೋಣ.

ಮೂರು ಜನ ಕೀಲೆಣ್ಣೆ ಅಂದಿದ್ದೀರಿ. ಪದ ಚೆಂದ, ಚಕ್ಕಡಿ ಅಚ್ಚಿಗೆ ಹಾಕೋದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಬೋರ್ಡಿಗೆ ಬೇಡವೇ ಬೇಡ. ಅಲ್ಲಿಗೆ ಬರೋ ಅಜ್ಜಿಯರು ಈಗಾಗಲೇ "ಮೊಣಕಾಲಾಗಿನ ಎಣ್ಣಿ ತೀರೇತ್ರಿ, ಒಂದ್ ಸೂಜಿ ಮಾಡಿ ತುಂಬಿಬಿಡ್ರಿ" ಅಂತಾರೆ. ತೀರಿರೋದಿಲ್ಲ ಅದು. ಆರೋಗ್ಯವಾದ ಮೊಣಕಾಲಲ್ಲಿ ಇರೋದೇ ಒಂದು ಟೀ ಚಮಚಕ್ಕಿಂತ ಕಡಿಮೆ. ಸಂಧಿವಾತದಲ್ಲಿ ಬಾತ ಮೊಣಕಾಲಲ್ಲಿ ಅದಕ್ಕಿಂತ ಜಾಸ್ತಿನೇ ತುಂಬಿಕೊಂಡಿರುತ್ತೆ, ಆದರೆ ನೀರು ನೀರು. ಅದಕ್ಕೆ ಅಂಟು ಕೊಡೋ ಹಯಲುರಾನಿಕ್ ಆಮ್ಲದ ಉದ್ದುದ್ದ ಎಳೆಗಳು ತುಂಡಾಗಿ ತೆಳುವಾಗಿರುತ್ತವೆ. ಅಂದರೆ ಕೆಟ್ಟಿರೋದು ಅಳತೆ ಅಲ್ಲ, ಲೋಳೆತನ.

ಅದಕ್ಕೇ ನನ್ನ ಓಟು ಕೀಲುಲೋಳೆಗೆ. ಬೆಂಡೆಕಾಯಿ ಹೆಚ್ಚಿದ ಚಾಕು ಎತ್ತಿದರೆ ಎಳೆ ಬರುತ್ತಲ್ಲ, ಹಾಗೆ ಚೆನ್ನಾಗಿರೋ ಕೀಲಿನ ಲೋಳೆಯನ್ನ ಎರಡು ಬೆರಳ ನಡುವೆ ಹಿಡಿದು ಎಳೆದರೆ ಇಂಚುಗಟ್ಟಲೆ ದಾರ ಬರುತ್ತೆ. ಹಾಳಾಗಿದ್ದು ಹನಿ ಹನಿಯಾಗಿ ಬೀಳುತ್ತೆ. 16ನೇ ಶತಮಾನದಲ್ಲಿ ಸೈನೋವಿಯಾ ಅನ್ನೋ ಪದ ಕಟ್ಟಿದ ವೈದ್ಯ ಪ್ಯಾರಾಸೆಲ್ಸಸ್‌ಗೂ ಇದು ಮೊಟ್ಟೆಯ ಬಿಳಿಯ ಹಾಗೆ ಕಂಡಿತ್ತು ಅಂತಾರೆ.

ಹಳೇ ಕಾಲದ ಆಯುರ್ವೇದ ವೈದ್ಯ ಸುಶ್ರುತನ ಹೆಸರು ಹೇಳಿ ಕೀಲೆಣ್ಣೆ ಸಮರ್ಥಿಸಿದವರಿಗೆ: ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಚಕ್ರ ಸಲೀಸಾಗಿ ತಿರುಗೋ ಹೋಲಿಕೆ ಅವನದೇ, ಒಪ್ಪಿದೆ. ಆದರೆ ಸಾಲನ್ನ ಪೂರ್ತಿ ಓದಿ. ಎಣ್ಣೆ ಅಚ್ಚಿಗೆ, ಕೀಲಿಗೆ ಅವನು ಹೇಳಿದ್ದು ಶ್ಲೇಷ್ಮ. ಕನ್ನಡದಲ್ಲಿ ಲೋಳೆ ಅಲ್ವಾ ಅದು?

ಲೋಳೆ ಅಸಹ್ಯ ಅಂದವರೇ, ಲೋಳೆಸರವನ್ನ ಮುಖಕ್ಕೆ ಹಚ್ಚಿಕೊಳ್ಳಲ್ವಾ? ಲೋಳೆಪೊರೆ (ಬಾಯಿ, ಮೂಗಿನ ಒಳಮೈಯ ಪೊರೆ) ಜೊತೆ ಗೊಂದಲ ಆಗುತ್ತೆ ಅನ್ನೋದು ಮಾತ್ರ ಸರಿಯಾದ ತಕರಾರು. ಮುಂದೆ ಕೀಲು ಅಂತ ಇರೋದರಿಂದ ನಡೆಯುತ್ತೆ ಅಂತ ನನಗನಿಸುತ್ತೆ. ಇನ್ನು ದ್ರವ ಅನ್ನೋ ಪದ ಸಂಸ್ಕೃತದ್ದು, ಬೇಡ ಅಂತ ಓಡಿಸಿದವರು ಕೇಳಿ, ಕೀಲ ಸಂಸ್ಕೃತದಲ್ಲೂ ಇದೆ, ಗೂಟ ಅನ್ನೋ ಅರ್ಥಕ್ಕೆ. ಹಾಗಂತ ಕೀಲನ್ನೂ ಬಿಡ್ತೀರಾ?

ಮೃದ್ವಸ್ಥಿಗೆ (ಕೀಲಿನಲ್ಲಿ ಮೂಳೆ ತುದಿಗೆ ಹೊದ್ದಿರೋ ಮೆತ್ತನೆ ಪದರ, ಕಾರ್ಟಿಲೇಜ್) ಮೆಲ್ಲೆಲುಬು ಅಂತ ಹಾಕ್ತೀನಿ. ಅದರಲ್ಲಿ ರಕ್ತನಾಳ ಇಲ್ಲ, ಊಟ ಸಿಗೋದು ಈ ಲೋಳೆಯಿಂದಲೇ. ಹೆಜ್ಜೆ ಇಟ್ಟಾಗ ಮೆಲ್ಲೆಲುಬು ಅದನ್ನ ಹೊರಗೆ ಹಿಂಡುತ್ತೆ, ಎತ್ತಿದಾಗ ಒಳಗೆ ಹೀರುತ್ತೆ. ಬೋರ್ಡಿನ ಸಾಲು ಹೀಗಿದೆ: "ದಿನಾ ಸ್ವಲ್ಪ ನಡೆಯಿರಿ. ನಡೆದರೆ ಕೀಲುಲೋಳೆ ಮೆಲ್ಲೆಲುಬಿಗೆ ಊಟ ಮುಟ್ಟಿಸುತ್ತದೆ."

ಕೀಲುಲೋಳೆ ಅಂತ ಕೂಡಿಸಿ ಬರೆಯೋದಾ, ಕೀಲಿನ ಲೋಳೆ ಅಂತ ಬಿಡಿಸೋದಾ? ಇದೊಂದನ್ನ ಇವತ್ತು ರಾತ್ರಿಯೊಳಗೆ ಹೇಳಿ.