ಇಸುಬು ‘ಒಳಗೆ ಸೇರಿಕೊಂಡಿತು’ ಎಂಬ ಅರ್ಥ ಬಾರದಂತೆ ‘ಅಟೋಪಿಕ್ ಮಾರ್ಚ್’ ಅನ್ನು ಕನ್ನಡದಲ್ಲಿ ಹೇಳುವುದು ಹೇಗೆ?

ಮಾನ್ಯರೇ,

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳ ತಾಯಂದಿರಿಗಾಗಿ ಅಲರ್ಜಿ ಕಾಯಿಲೆಗಳ ಬಗ್ಗೆ ಎರಡು ಪುಟದ ಕರಪತ್ರವೊಂದನ್ನು ಬರೆಯುತ್ತಿದ್ದು, ಒಂದು ಪದದ ಬಳಿ ಬಂದು ನಿಂತಿದ್ದೇನೆ. ಹಸುಗೂಸಾಗಿದ್ದಾಗ ಕೆನ್ನೆಯ ಮೇಲೆ, ಆಮೇಲೆ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ ಇಸುಬು (ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ) ಕಾಣಿಸಿಕೊಂಡ ಮಕ್ಕಳಲ್ಲಿ ಕೆಲವರಿಗೆ ಮೊಟ್ಟೆ, ಹಾಲು, ಕಡಲೇಕಾಯಿಯಂತಹ ಆಹಾರದ ಅಲರ್ಜಿಯೂ, ಮುಂದೆ ಉಬ್ಬಸ ಮತ್ತು ಬಿಡದ ಸೀನು, ಮೂಗು ಸೋರುವಿಕೆಯೂ ಬರುವುದುಂಟು. ವೈದ್ಯರು ಇದನ್ನು ‘ಅಟೋಪಿಕ್ ಮಾರ್ಚ್’ ಎನ್ನುತ್ತಾರೆ. ‘ಅಲರ್ಜಿಯ ನಡಿಗೆ’ ಎಂದು ಬರೆದರೆ ಸುಲಭ. ಆದರೆ ಆ ಪದ ಇಲ್ಲಿ ಕೇಡು ಮಾಡುತ್ತದೆಂಬುದು ನನ್ನ ಆತಂಕ.

ಏಕೆಂದರೆ ಇಸುಬಿಗೆ ಮುಲಾಮು ಹಚ್ಚಿ ಒಣಗಿಸಿದರೆ ಅದು ಒಳಗೆ ಸೇರಿಕೊಂಡು, ಎದೆಗಿಳಿದು ಉಬ್ಬಸವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಮ್ಮ ಬೀದಿಯ ಮನೆಯೊಂದರಲ್ಲಿ ಎರಡು ವರ್ಷದ ಮಗು ನಿದ್ದೆಗಣ್ಣಿನಲ್ಲೇ ಮೊಣಕಾಲಿನ ಹಿಂಭಾಗವನ್ನು ಮಂಚದ ಪಟ್ಟಿಗೆ ಉಜ್ಜಿಕೊಳ್ಳುತ್ತಿತ್ತು. ಪಟ್ಟಿಯ ಮೇಲೆ ರಕ್ತದ ಸಣ್ಣ ಕಲೆಗಳಿದ್ದವು. ತಾಯಿ ಮುಲಾಮಿನ ಟ್ಯೂಬನ್ನು ಕೈಗೆತ್ತಿಕೊಂಡರೆ ಅತ್ತೆ, ‘ಬ್ಯಾಡ ಕಣಮ್ಮ, ಈಚೆಗೆ ಬರೋದು ಬಂದೋಗ್ಲಿ, ಮುಚ್ಚಿದ್ರೆ ಒಳಕ್ಕೆ ಸೇರ್ಕೊಳ್ತದೆ’ ಎಂದು ತಡೆದರು. ಅವರ ಕಾಳಜಿಯಲ್ಲಿ ಕೊರತೆಯೇನೂ ಇರಲಿಲ್ಲ. ಇಂಥವರ ಕೈಗೆ ‘ಚರ್ಮದಿಂದ ಶ್ವಾಸಕೋಶದೆಡೆಗೆ ಅಲರ್ಜಿಯ ನಡಿಗೆ’ ಎಂಬ ಸಾಲನ್ನು ಕೊಟ್ಟರೆ, ಅವರು ಹೇಳುತ್ತಿದ್ದುದನ್ನೇ ನಾವು ಅಚ್ಚು ಹಾಕಿಸಿಕೊಟ್ಟಂತಾಗುತ್ತದೆ.

ನಿಜಸಂಗತಿ ಬೇರೆ. ಚರ್ಮದಿಂದ ಎದೆಗೆ ಹೋಗುವುದು ಕಾಯಿಲೆಯಲ್ಲ. ಒಣಗಿ ಬಿರಿದ ಚರ್ಮದ ಮೂಲಕ ಧೂಳು ಮತ್ತು ಆಹಾರದ ಕಣಗಳು ಒಳಸೇರಿದಾಗ ಮೈಯ ರಕ್ಷಣಾ ವ್ಯವಸ್ಥೆ ಅವನ್ನು ಶತ್ರುಗಳೆಂದು ಗುರುತಿಟ್ಟುಕೊಂಡು, ಮುಂದೆ ಅದೇ ಕಣ ಮೂಗಿಗೋ ಉಸಿರುನಾಳಕ್ಕೋ ತಾಗಿದಾಗ ಕೆರಳುತ್ತದೆ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಇಸುಬಿನ ಸಾಧ್ಯತೆ ಹೆಚ್ಚೆಂದೂ, ಅಂಥ ಇಸುಬಿನ ಜೊತೆಗೆ ಉಬ್ಬಸವೂ ಹೆಚ್ಚೆಂದೂ 2006ರಲ್ಲಿ ತಿಳಿದುಬಂತು. ಹಾಗಾಗಿ ಚರ್ಮವನ್ನು ಬಿರಿದಂತೆಯೇ ಬಿಡುವುದರಿಂದ ಮಗುವಿಗೆ ಯಾವ ಲಾಭವೂ ಇಲ್ಲ.

‘ನಡಿಗೆ’ಯ ಬದಲು ‘ಪಾಳಿ’ ಎನ್ನೋಣವೆಂದರೆ, ಒಂದು ಮುಗಿದ ಮೇಲೆ ಇನ್ನೊಂದು ಎಂಬ ಅರ್ಥ ಬರುತ್ತದೆ. ಇಸುಬು ಇರುವಾಗಲೇ ಉಬ್ಬಸವೂ ಇರಬಹುದು. ನನಗೆ ಸದ್ಯ ಹಿಡಿಸಿರುವುದು ‘ಅಲರ್ಜಿ ಸಾಲು’. ಸಾಲಿನಲ್ಲಿ ಒಂದರ ಹಿಂದೆ ಒಂದಿರುತ್ತದೆ, ಒಂದು ಇನ್ನೊಂದಾಗಿ ಮಾರ್ಪಡುವುದಿಲ್ಲ. ಉಬ್ಬಸವೆಲ್ಲ ಈ ಸಾಲಿನದಲ್ಲ ಎಂಬುದನ್ನೂ ಹೇಳಬೇಕು: ನಮ್ಮೂರಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದ ಮೇಲೆ, ಬಾಲ್ಯದಲ್ಲಿ ಇಸುಬೇ ಇಲ್ಲದವರಿಗೂ ಉಬ್ಬಸ ಹತ್ತುವುದುಂಟು.

ಇನ್ನು ‘ಅಟೋಪಿ’. ಕೋಕಾ ಮತ್ತು ಕುಕ್ ಎಂಬ ವೈದ್ಯರು 1923ರಲ್ಲಿ ‘ನೆಲೆ ತಪ್ಪಿದ್ದು, ವಿಚಿತ್ರವಾದದ್ದು’ ಎಂಬರ್ಥದ ಗ್ರೀಕ್ ಪದದಿಂದ ಇದನ್ನು ತಂದರು. ಅಲರ್ಜಿಯತ್ತ ವಂಶದಲ್ಲಿ ಬರುವ ಒಲವು ಎಂಬುದು ಅದರ ತಿರುಳು. ‘ಅವರದು ನಂಜಿನ ಮೈ’ ಎಂಬ ಮಾತು ಹತ್ತಿರ ಬರುತ್ತದೆ. ‘ಬದನೆಕಾಯಿ ನಂಜು’ ಎಂದು ಪಥ್ಯ ಹೇಳುವವರಿಗೆ ತಕ್ಷಣ ತಿಳಿಯುತ್ತದೆ. ಆದರೆ ನಂಜು ಎಂದರೆ ವಿಷವೂ ಹೌದು, ಗಾಯ ಕೀವಾಗುವುದೂ ಹೌದು. ‘ಒಗ್ಗದಿಕೆ’ ಎಂದರೆ, ಅಲರ್ಜಿಯಿಲ್ಲದೆ ಬರೀ ಹಾಲು ಜೀರ್ಣವಾಗದಿರುವವರೂ ಅದರೊಳಗೆ ಬರುತ್ತಾರೆ. ‘ಅಲರ್ಜಿಯ ಮೈಗುಣ’ ಎಂದು ಬರೆದಿಟ್ಟುಕೊಂಡಿದ್ದೇನೆ.

ಎಕ್ಸಿಮಾಕ್ಕೆ ಇಲ್ಲಿ ಬಹಳ ಜನ ‘ಗಜ್ಜಿ’ ಎಂದೇ ಅನ್ನುತ್ತಾರೆ. ಗಜ್ಜಿ ಅಂಟುವ ರೋಗ, ಇಸುಬು ಅಂಟುವುದಿಲ್ಲ. ಈ ಹೆಸರಿನಿಂದಾಗಿ ಅಂಗನವಾಡಿಯಲ್ಲಿ ಮಗುವನ್ನು ಬೇರೆ ಕೂರಿಸಿದ್ದನ್ನು ಕಂಡಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಊರಿನಲ್ಲಿ ‘ಇಸುಬು’ ಎಂದರೆ ಜನರಿಗೆ ತಿಳಿಯುತ್ತದೆಯೇ, ಮತ್ತು ‘ಅಲರ್ಜಿ ಸಾಲು’ ಎಂದು ಓದಿದರೆ ನಿಮ್ಮ ಮನೆಯ ಹಿರಿಯರು ಏನೆಂದು ಅರ್ಥ ಮಾಡಿಕೊಳ್ಳುತ್ತಾರೆ?